ಅಪ್ಪ ಮೊಹರು ಒತ್ತದ ಅರ್ಜಿ

ಕೊರಿಯಾದ ದಕ್ಷಿಣ ಕರಾವಳಿಯಲ್ಲಿ ಅಂಧ ಮಕ್ಕಳಿಗೆ ಬ್ರೈಲ್ ಕಲಿಸಿದವರು ಹಲವರಿದ್ದಾರೆ. ಆದರೆ ಮಗುವಿಗೆ ಅಕ್ಷರ ಕಲಿಸುವ ಮೊದಲು ಅದರ ಮನೆಯವರ ಸಂಶಯವನ್ನು ಗೌರವದಿಂದ ಕೇಳಿಸಿಕೊಳ್ಳಬೇಕೆಂದು ನಡತೆಯಿಂದಲೇ ತೋರಿಸಿದವರು ಗುರುಗಳಾದ ಪ್ಯೊನ್ ಹ್ಯೆ-ರಾನ್ ಅವರು. ಮೂವತ್ತೆಂಟು ವರ್ಷಗಳ ಸೇವೆಯ ಬಳಿಕ ಈ ಫೆಬ್ರುವರಿಯಲ್ಲಿ ನಿವೃತ್ತರಾಗುತ್ತಿರುವ ಅವರ ಶಿಷ್ಯೆಯಾಗಿ, ಅನಂತರ ಸಹೋದ್ಯೋಗಿಯಾಗಿ ಬಾಳಿದ ಭಾಗ್ಯ ನನ್ನದು.

1979ರ ಮಾರ್ಚ್. ಸಮುದ್ರದ ಪಾಚಿ ಬೆಳೆದು ಒಣಗಿಸುವ ಕಸುಬಿನ ನನ್ನ ತಂದೆ ಮಾ ಛಿಲ್-ಸೊಂಗ್, ಕಣ್ಣು ಕಾಣದ ಏಳು ವರ್ಷದ ನನ್ನನ್ನು ದೋಣಿಯಲ್ಲಿ ಈ ಅಂಧರ ವಸತಿಶಾಲೆಗೆ ಕರೆತಂದರು. ದಾರಿಯುದ್ದಕ್ಕೂ ನನ್ನ ಮುಂಗೈ ಬಿಡಲಿಲ್ಲ. ಕಣ್ಣಿಲ್ಲದ ಮಕ್ಕಳನ್ನು ಶಾಲೆಯ ಹೆಸರಿನಲ್ಲಿ ಸೇರಿಸಿಕೊಂಡು ಹೊರದೇಶಕ್ಕೆ ದತ್ತು ಕೊಟ್ಟುಬಿಡುತ್ತಾರೆಂಬ ಮಾತು ನಮ್ಮ ದ್ವೀಪದ ಮನೆಮನೆಯಲ್ಲಿತ್ತು. ತಂದೆಯವರಿಗೆ ಓದು ಬಾರದು. ಅರ್ಜಿಗೆ ಮೊಹರು ಒತ್ತಿ ಎಂದಾಗ, ನಮ್ಮಲ್ಲಿ ಸಹಿಯ ಬದಲು ಒತ್ತುವ ತಮ್ಮ ಹೆಸರಿನ ಆ ಮೊಹರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತುಬಿಟ್ಟರು.

ಹ್ಯೆ-ರಾನ್ ಅವರಿಗೂ ದೃಷ್ಟಿಯಿಲ್ಲ. ಅರ್ಜಿಯ ಬ್ರೈಲ್ ಪ್ರತಿಯ ಮೇಲೆ ಬೆರಳಾಡಿಸುತ್ತ ಓದಿ ಹೇಳಿದರು.

"ಕಣ್ಣಿರೋ ನನಗೇ ಓದೋಕೆ ಬರಲ್ಲ, ನೀವು ಓದ್ತೀರಾ? ಯಾರ ಕಿವಿ ಮೇಲೆ ಹೂ ಇಡ್ತೀರಿ, ಟೀಚರಮ್ಮಾ?" ಎಂದರು ತಂದೆ.

"ಹಾಳೆ ತಗೊಂಡು ಹೋಗಿ, ಅಂಗಳದಲ್ಲಿ ಯಾವ ಮಗೂಗೆ ಬೇಕಾದ್ರೂ ಕೊಟ್ಟು ಓದಿಸಿ. ನಾನು ಇಲ್ಲೇ ಕೂತಿರ್ತೀನಿ."

ತಂದೆ ಹಾಗೆಯೇ ಮಾಡಿದರು. ಹಗ್ಗದಾಟ ನಿಲ್ಲಿಸಿದ ಹುಡುಗಿಯೊಬ್ಬಳು ಓದಿದಳು: "ಪೋಷಕರು ಯಾವಾಗ ಬೇಕಾದರೂ ಮಗುವನ್ನು ಮನೆಗೆ ಕರೆದೊಯ್ಯಬಹುದು." ಹ್ಯೆ-ರಾನ್ ಅವರು ಓದಿದ್ದೂ ಅದೇ. ತಂದೆಯವರ ಅನುಮಾನ ಇನ್ನೂ ಬಲಿಯಿತು.

"ಎಲ್ಲಾರೂ ಸೇರ್ಕೊಂಡು ಗಿಳಿಪಾಠ ಮಾಡಿಸಿಟ್ಟಿದ್ದಾರೆ!"

ಆದರೆ ನಾನು ಆ ಹಾಳೆಯ ಉಬ್ಬುಚುಕ್ಕಿಗಳ ಮೇಲಿಟ್ಟ ಬೆರಳು ತೆಗೆಯಲೊಪ್ಪದೆ ಅತ್ತೆ. ಅಳುವಿಗೆ ಸೋತ ತಂದೆ ನನ್ನನ್ನು ಶಾಲೆಯಲ್ಲಿ ಬಿಟ್ಟರು. ಮೊಹರನ್ನು ಮಾತ್ರ ಜೇಬಿಗಿಳಿಸಿಕೊಂಡು ಹೋದರು.

ಹದಿನೈದು ದಿನಕ್ಕೊಮ್ಮೆ ಹೇಳದೆ ಕೇಳದೆ ಬಂದಿಳಿಯುತ್ತಿದ್ದರು. ನನ್ನ ಹಾಸಿಗೆ ಮುಟ್ಟಿ ನೋಡುವರು, ಊಟದ ಸಾರಿನ ರುಚಿ ನೋಡುವರು, "ಪರದೇಶದೋರು ಯಾರಾದ್ರೂ ಬಂದಿದ್ರಾ?" ಎಂದು ಪಿಸುಗುಡುವರು. ಆ ಸಂಶಯ ನನಗೂ ಅಂಟಿ, ಓಡಿಹೋಗಬೇಕಾದೀತೆಂದು, ದಾರಿಯಲ್ಲಿ ತಿನ್ನಲು ದಿಂಬಿನಡಿ ಒಣಪಾಚಿ ಬಚ್ಚಿಟ್ಟಿದ್ದೆ. ತಂದೆಯವರನ್ನು ಯಾವ ಹೊತ್ತಿನಲ್ಲೂ ತಡೆಯಕೂಡದೆಂದು ಕಾವಲುಗಾರನಿಗೆ ಹ್ಯೆ-ರಾನ್ ಅವರೇ ಹೇಳಿದ್ದರು. ಮೊಹರಿಲ್ಲದ ಮಗುವನ್ನು ಇಟ್ಟುಕೊಂಡದ್ದಕ್ಕೆ ಅವರ ಹುದ್ದೆ ಒಂದು ವರ್ಷ ಕಾಯಂ ಆಗಲಿಲ್ಲವೆಂಬುದು, ನಾನಿಲ್ಲಿ ಶಿಕ್ಷಕಿಯಾದ ಮೇಲೆ ಹಳೆಯ ಕಡತದಿಂದ ತಿಳಿಯಿತು. ಅವರಾಗಿ ಎಂದೂ ಹೇಳಲಿಲ್ಲ.

ಮರುವರ್ಷದ ಮಾರ್ಚ್‌ನಲ್ಲಿ ತಂದೆ ಅದೇ ಅರ್ಜಿಯ ಬ್ರೈಲ್ ಪ್ರತಿಯನ್ನು ನನ್ನ ಕೈಗಿಟ್ಟರು.

"ನೀನು ಓದು ಮಗಾ. ನೀನು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ."

ತಡವರಿಸುತ್ತ ಓದಿದೆ. 'ಕರೆದೊಯ್ಯಬಹುದು' ಎಂಬಲ್ಲಿ ಎರಡು ಸಲ ಓದಿಸಿದರು. ಆಮೇಲೆ ಅರ್ಜಿಯ ಮೇಲೆ ಮೊಹರು ಬಿದ್ದ ಸದ್ದು ಕೇಳಿತು.

"ವರ್ಷವಿಡೀ ನಿಮ್ಮನ್ನ ಮಕ್ಕಳ ಕಳ್ಳಿ ಅಂದ್ಕೊಂಡಿದ್ದೆ, ಟೀಚರಮ್ಮಾ."

"ಗೊತ್ತಿತ್ತು ಯಜಮಾನ್ರೇ. ಅದಕ್ಕೇ ಅಲ್ವಾ ಇಷ್ಟು ಸಲ ಬಂದಿದ್ದು? ಅನುಮಾನ ಇಲ್ದಿರೋ ಅಪ್ಪಂದಿರು ವರ್ಷಕ್ಕೊಂದು ಸಲಾನೂ ಬರಲ್ಲ."

ಇನ್ನು ಮನೆಯಲ್ಲಿ ಸುಮ್ಮನೆ ಕೂರುತ್ತೇನೆಂದು ಗುರುಗಳು ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ನಂಬುವುದಿಲ್ಲ, ದ್ವೀಪಗಳಿಗೆ ಹೋಗುವ ದೋಣಿಗಳ ವೇಳಾಪಟ್ಟಿಯನ್ನು ಕಳೆದ ವಾರವಷ್ಟೇ ನನ್ನಿಂದ ಬರೆಸಿಕೊಂಡಿದ್ದಾರೆ. ಶಾಲೆ ಸೇರದ ಮಕ್ಕಳ ಮನೆಬಾಗಿಲಲ್ಲಿ ನಿಂತು, ಇನ್ನೂ ಬಹುಕಾಲ ಅಪ್ಪಂದಿರಿಂದ ಬೈಸಿಕೊಳ್ಳುವಷ್ಟು ಆಯುಷ್ಯ, ಆರೋಗ್ಯ ಅವರಿಗಿರಲಿ.