ವರ್ಗದ ಮೇಲೆ ನಾನು ಮಾಡಿದ ಭಾಷಣ

ಮೊನ್ನೆ ಹಳೆಯ ಗಾದಿ ಬಿಚ್ಚಿಸಿ ಅಂಗಳದಲ್ಲಿ ಹತ್ತಿ ಹಿಂಜಿಸುತ್ತಿದ್ದೆ. ಹತ್ತಿಯ ದೂಳು ಮೂಗಿಗೆ ಏರಿದ್ದೇ ತಡ, ಸೀನು ಶುರುವಾಯಿತು. ಒಂದರ ಬೆನ್ನಿಗೆ ಒಂದು, ನಿಲ್ಲಲೊಲ್ಲದು. ಲಿಂಗಸುಗೂರಿನ ನಮ್ಮ ಪಕ್ಕದ ಮನೆಯ ಶ್ರುತಿ ಕಾಂಪೌಂಡಿನ ಆಚೆಯಿಂದ ಗಾಬರಿಯಾಗಿ ಇಣುಕಿದಳು. ಅವಳು ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ, ರಜೆಗೆ ಊರಿಗೆ ಬಂದಿದ್ದಳು. ಸೀನು ತಗ್ಗಿದ ಮೇಲೆ ತಮ್ಮಲ್ಲಿ ಈ ವರ್ಷ ಆರಂಭವಾದ ಹೊಸ ಪದ್ಧತಿಯ ಸುದ್ದಿ ತೆಗೆದಳು. ವಿಜ್ಞಾನದವರು, ಇತಿಹಾಸದವರು, ಸಾಹಿತ್ಯದವರು ಎಲ್ಲರೂ ಒಂದೆಡೆ ಕೂತು ಸಮಾಜ ಸಿದ್ಧಾಂತದ ಮೇಲೆ ಮಾತಾಡುತ್ತಾರಂತೆ. ಈ ಕಡೆ ಹಿಂದೆಂದೂ ಯಾರೂ ಹೀಗೆ ಮಾಡಿರಲಿಕ್ಕಿಲ್ಲ ಎಂದಳು. ಅದನ್ನು ನಾವು ಎಂದೋ ಮಾಡಿ ಮುಗಿಸಿದ್ದೆವು, ನನಗೆ ಮತ್ತೆ ಬಂದ ಸೀನಿನ ಜೊತೆಗೆ ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಬೇಡ, ನಿಮಗೂ ಒಮ್ಮೆಯಾದರೂ ಆಗಿರುತ್ತದೆ.

ಸಿಂಧನೂರಿಗೆ ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗುತ್ತಿದ್ದ ವರ್ಷಗಳು ಅವು. ಹೊಸದಾಗಿ ತೆರೆದ ಒಂದು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಇಡೀ ಕಾಲೇಜಿಗೆ ಹೆಣ್ಣು ಉಪನ್ಯಾಸಕಿ ನಾನೊಬ್ಬಳೇ. ಕಟ್ಟಡ ಇನ್ನೂ ಏಳಬೇಕಿತ್ತು, ಹಾಗಾಗಿ ತರಗತಿಗಳು ನಡೆಯುತ್ತಿದ್ದದ್ದು ಹತ್ತಿ ಹಿಂಜುವ ಹಳೆಯ ಗಿರಣಿಯೊಂದರ ಗೋದಾಮಿನಲ್ಲಿ. ಒಳಗೆ ಬಿದಿರಿನ ತಟ್ಟಿ ನಿಲ್ಲಿಸಿ ಕೋಣೆ ಮಾಡಿದ್ದರು. ಈ ಕಡೆ ನಾನು ಹೇಳುವ ಲೆಕ್ಕ ಆ ಕಡೆ ಇತಿಹಾಸದ ಹುಡುಗರ ಕಿವಿಗೆ ಬೀಳುತ್ತಿತ್ತು, ಅವರ ಯುದ್ಧಗಳು ನನ್ನ ಲೆಕ್ಕದೊಳಗೆ ನುಗ್ಗುತ್ತಿದ್ದವು. ಒಬ್ಬ ಹುಡುಗ ಪರೀಕ್ಷೆಯಲ್ಲಿ ಬಹಮನಿ ಸುಲ್ತಾನರ ಪತನಕ್ಕೆ ಆಮ್ಲಜನಕದ ಕೊರತೆಯೂ ಒಂದು ಕಾರಣವೆಂದು ಬರೆದಿದ್ದ. ತಟ್ಟಿಯ ಇನ್ನೊಂದು ಬದಿಗೆ ರಸಾಯನಶಾಸ್ತ್ರ ಇತ್ತು, ಅವನ ತಪ್ಪೇನಿಲ್ಲ.

ಮೈಸೂರಿನ ಕಡೆಯಿಂದ ಬಂದಿದ್ದ ನಮ್ಮ ಪ್ರಿನ್ಸಿಪಾಲರು ಮಾತ್ರ, ವಿಷಯಗಳ ನಡುವಿನ ಗೋಡೆ ಒಡೆಯಬೇಕು ಎಂದು ಹೊರಟರು. ಗೋಡೆ ಎಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಶನಿವಾರ ಅರ್ಧ ದಿನದ ಪಾಠ ಮುಗಿದ ಮೇಲೆ ಒಬ್ಬ ಉಪನ್ಯಾಸಕರು ಮಾತಾಡಬೇಕು, ಮಾತು ಸಮಾಜದ ಮೇಲೆ ಇರಬೇಕು, ತಮ್ಮ ಪಠ್ಯಪುಸ್ತಕದ ಹಿಂದೆ ಯಾರೂ ಅಡಗಬಾರದು. ಹೀಗೆ ರಸಾಯನಶಾಸ್ತ್ರದ ಮೆಹಬೂಬ್ ಸಾಹೇಬರು ಅಧಿಕಾರದ ಮೇಲೆ ಮಾತಾಡಿದರು. ತಾನು ಒಂದಿಷ್ಟೂ ಕರಗದೆ ಉಳಿದೆರಡನ್ನು ಕೂಡಿಸುವ, ಬೇರ್ಪಡಿಸುವ ವಸ್ತುವೊಂದು ರಸಾಯನದಲ್ಲಿದೆ, ಪೇಟೆಯಲ್ಲಿ ಅದಕ್ಕೆ ದಲಾಲ ಅನ್ನುತ್ತಾರೆ ಎಂದು ಅವರು ಹೇಳಿದ್ದಕ್ಕೆ ನಾವು ಒಂದು ವಾರ ನಕ್ಕೆವು. ನನ್ನ ಸರದಿ ಬಂದಾಗ ಪ್ರಿನ್ಸಿಪಾಲರು ಕೊಟ್ಟ ವಿಷಯ ವರ್ಗ. ಬಡವರ ವರ್ಗ, ಉಳ್ಳವರ ವರ್ಗ ಎನ್ನುತ್ತೇವಲ್ಲ, ಆ ವರ್ಗ. ಜೊತೆಗೊಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟರು. ಅದನ್ನು ನಾನು ತಲೆದಿಂಬಿನ ಪಕ್ಕ ಇಟ್ಟುಕೊಂಡೆ, ನಿದ್ದೆ ಚೆನ್ನಾಗಿ ಬರುತ್ತಿತ್ತು.

ನನ್ನ ಭಾಷಣವಿದ್ದ ಶನಿವಾರವೇ ಮಧ್ಯಾಹ್ನದ ಬಸ್ಸಿಗೆ ಅಪ್ಪ ಬಂದಿಳಿದ. ಲಿಂಗಸುಗೂರಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದವನನ್ನು ಅಜ್ಜ ನಡುವೆಯೇ ಬಿಡಿಸಿ ಗಾದಿಯ ಮೇಲೆ ಕೂರಿಸಿದ್ದನಂತೆ. ಗಿರಾಕಿಗಳ ಜೊತೆ ವಾದ ಮಾಡುವುದರಲ್ಲಿ ಅಪ್ಪನಿಗೆ ಎಂಥ ರುಚಿಯೆಂದರೆ, ಸೋತ ಗಿರಾಕಿ ಸೀರೆ ಕೊಳ್ಳದೆ ಹೋದರೂ ಬೇಸರವಿರಲಿಲ್ಲ. ನನಗೆ ನೌಕರಿ ಬೇಡವೆಂದು ಅವನೆಂದೂ ಅಂದಿರಲಿಲ್ಲ, ಆದರೆ ಗಂಡು ಸಿಗುವವರೆಗೆ ಎಂದಿದ್ದ. ಈಗ ಸಿಕ್ಕಿತ್ತು.

"ಪೆಟಗಿ ಕಟ್ಟವ್ವಾ. ನಾಳಿಗೆ ಮಸ್ಕಿಯವರು ನೋಡಾಕ ಬರ್ತಾರ. ಅಕ್ಕಿ ಗಿರಣಿ ಐತಿ ಅವರದು. ನೌಕರಿ ಇಲ್ಲಿಗೆ ಸಾಕು," ಎಂದ.

ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಇವತ್ತೊಂದು ಭಾಷಣ ಇದೆ, ಒಪ್ಪಿಕೊಂಡುಬಿಟ್ಟಿದ್ದೇನೆ ಎಂದಷ್ಟೇ ಅಂದೆ. ಮುಗಿಸಿಕೊಂಡು ಬಾ, ಸಂಜೆ ಬಸ್ಸಿಗೆ ಹೋಗೋಣ ಎಂದು ಅಪ್ಪನೂ ನನ್ನ ಹಿಂದೆಯೇ ಹೊರಟ. ಕಾಲೇಜಿನ ಬಾಗಿಲು ದಾಟಿದವಳು ಅಲ್ಲಿಯೇ ನಿಂತೆ. ಹತ್ತಾರು ಜನ ಸೇರುತ್ತಿದ್ದ ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಸುತ್ತಲಿನ ಹಳ್ಳಿಗಳ ಮಾಸ್ತರರು, ಕಾಲುವೆ ಇಲಾಖೆಯವರು, ಪೊಲೀಸರು, ಅಂಚೆಯವರು, ಸಾಲದ್ದಕ್ಕೆ ಕಿಟಕಿಯಲ್ಲಿ ಮುಖಗಳು. ನನ್ನ ಕೀರ್ತಿ ಇಷ್ಟು ಹಬ್ಬಿದೆಯೇ ಎಂದು ಒಂದು ಕ್ಷಣ ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ಎರಡು ಕ್ಷಣವೇ ಇರಬೇಕು.

ವೇದಿಕೆ ಏರಿ, ಗಣಿತದವಳಲ್ಲವೇ, ಒಂದು ಚೌಕ ಬರೆದು ಮಾತು ಆರಂಭಿಸಿದೆ. ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ಗಣಿತದ ವರ್ಗ ಎಂದೆ. ಮುಂದಿನ ಸಾಲಿನಲ್ಲಿದ್ದ ಹವಾಲ್ದಾರರು ಎದ್ದು ನಿಂತು ಕೈ ಮುಗಿದರು.

"ಅಕ್ಕೋರ, ಗುಣಾಕಾರ ಆಮ್ಯಾಲ ಮಾಡೂಣು. ನನಗ ವರ್ಗ ಆಗೇತ್ರಿ. ಅದನ್ನ ರದ್ದ ಮಾಡಸಾಕ ಯಾರನ್ನ ಹಿಡೀಬೇಕು, ಅಷ್ಟ ಹೇಳ್ರಿ."

ಆಗ ತಿಳಿಯಿತು. ಗೇಟಿನ ಹಲಗೆಯ ಮೇಲೆ ಮೆಹಬೂಬ್ ಸಾಹೇಬರು, "ವರ್ಗ: ಯಾರಿಗೆ ಲಾಭ, ಯಾರಿಗೆ ನಷ್ಟ? ಎಲ್ಲರೂ ಬರ್ರಿ" ಎಂದು ಬರೆದಿದ್ದರು. ಅದು ಸರ್ಕಾರಿ ನೌಕರರಿಗೆಲ್ಲ ಊರಿಂದೂರಿಗೆ ವರ್ಗವಾಗುವ ತಿಂಗಳು. ನನಗೆ ನಗು ಬಂತು. ತಡೆಯಲು ಸೆರಗು ಬಾಯಿಗೆ ಒತ್ತಿದೆ, ಅದು ಮೂಗಿನಿಂದ ಹೊರಬಿತ್ತು. ಮೆಹಬೂಬ್ ಸಾಹೇಬರು ಮೇಜಿನ ಮೇಲೆ ತಲೆಯಿಟ್ಟು ಅಲುಗತೊಡಗಿದರು. ಸಮಾಜದ ಬಗ್ಗೆ ಯಾರೂ ನಗಬಾರದೆಂದಿದ್ದ ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾರಣ ಗೊತ್ತಿಲ್ಲದವರೂ ನಕ್ಕರು. ನಗದೆ ನಿಂತವನು ಹಿಂದಿನ ಕಂಬಕ್ಕೆ ಒರಗಿದ್ದ ಅಪ್ಪ ಒಬ್ಬನೇ.

ನಗು ಇಳಿದ ಮೇಲೆ ನೋಡುತ್ತೇನೆ, ಭಯವೂ ಇಳಿದುಹೋಗಿದೆ. ಬರೆದು ತಂದದ್ದನ್ನು ಮಡಚಿಟ್ಟು ಸಭೆಯನ್ನೇ ಕೇಳಿದೆ: ಬೇಕಾದ ಊರಿಗೆ ಯಾರಿಗೆ ವರ್ಗ ಸಿಗುತ್ತದೆ, ಬೇಡದ ಊರಿಗೆ ಯಾರಿಗೆ? ವಳಕಮದಿನ್ನಿ ಶಾಲೆಯ ಗಿರಿಜಮ್ಮ ಎದ್ದು, ತನ್ನ ಗಂಡ ಮಗು ಇರುವುದು ಲಿಂಗಸುಗೂರಿನಲ್ಲಿ, ಕೇಳಿದಷ್ಟೂ ಸಲ ಆ ಜಾಗ ಇನ್ನೊಬ್ಬರಿಗೆ ಹೋಯಿತು ಎಂದಳು. ಯಾರಿಗೆ ಹೋಯಿತೆಂದರೆ, ದೊಡ್ಡವರ ಹತ್ತಿರ ಹೇಳಿಸುವವರು ಇದ್ದವರಿಗೆ. ಅಷ್ಟು ಸಾಕಾಯಿತು. ಕಾಲುವೆಯ ನೀರೂ ಹಾಗೆಯೇ ಮೇಲಿನ ಹೊಲದಲ್ಲೇ ನಿಲ್ಲುತ್ತದೆ ಎಂದು ಒಬ್ಬರೆಂದರು, ಅದು ಇಳಿಜಾರಿನ ದೋಷವೆಂದು ಇಲಾಖೆಯವರು ಎದ್ದರು, ಇಳಿಜಾರೂ ಆಳು ನೋಡಿ ಇಳಿಯುತ್ತದೆಂದು ಮತ್ತೊಬ್ಬರು ಕೂಗಿದರು. ನಾನು ಚೌಕದ ಮೇಲೆ ಚೌಕ ಬರೆಯುತ್ತ, ಹೇಳಿಸುವವರಿರುವ ವರ್ಗ ಇದು, ಇಲ್ಲದವರ ವರ್ಗ ಇದು ಎಂದು ವಿಂಗಡಿಸುತ್ತಿದ್ದೆ. ಎಂಥ ಅಮಲು ಅಂತೀರಿ! ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಆಗ ಹಿಂದಿನಿಂದ ಅಪ್ಪನ ದನಿ ಬಂತು.

"ನಂದೊಂದು ಸವಾಲ್ ಐತ್ರಿ. ನೌಕರಿ ಇದ್ದೋರಿಗೆ ವರ್ಗ ಆದ್ರ ಅರ್ಜಿ ಕೊಡ್ತಾರ. ಹೆಣ್ಮಕ್ಕಳನ್ನ ಲಗ್ನ ಮಾಡಿ ಬ್ಯಾರೆ ಊರಿಗೆ ಕಳಸ್ತೀವಿ. ಅದೂ ವರ್ಗನೋ ಅಲ್ಲೋ? ಅವರು ಅರ್ಜಿ ಯಾರಿಗೆ ಕೊಡಬೇಕು?"

ಸಭೆ ನನ್ನ ಕಡೆ ತಿರುಗಿತು. ಅವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

"ಅದೂ ವರ್ಗನ. ಅರ್ಜಿ ನಿನಗ ಕೊಡಬೇಕಪ್ಪಾ," ಎಂದೆ. "ನಾ ಈಗ ಕೊಡಾಕತ್ತೀನಿ."

ಗಿರಿಜಮ್ಮ ಚಪ್ಪಾಳೆ ಶುರುಮಾಡಿದಳು, ಅದು ಗೋದಾಮಿನ ತಗಡಿನವರೆಗೂ ಏರಿತು. ಅಪ್ಪ ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ.

ಬಸ್‌ ಸ್ಟ್ಯಾಂಡಿನ ತನಕ ಅಪ್ಪ ವಾದ ಮಾಡುತ್ತಲೇ ನಡೆದ. ಚೌಕ ಎರಡಲ್ಲ, ಮೂರು ಆಗಬೇಕಿತ್ತು, ತನ್ನಂಥ ಅಂಗಡಿಯವನನ್ನು ಯಾವುದರಲ್ಲಿ ಹಾಕಿದೆ ಎಂದು ತಕರಾರು. ಪೆಟ್ಟಿಗೆಯ ಮಾತು ಎತ್ತಲಿಲ್ಲ. ಬಸ್ಸು ಹತ್ತಿ ಕೂತು, ಕಿಟಕಿಯಿಂದ ಕೇಳಿದ, "ಮುಂದಿನ ಶನಿವಾರ ಯಾರು ಮಾತಾಡ್ತಾರ?"

ಮಸ್ಕಿಯಲ್ಲಿ ಇಳಿದು ಅವರಿಗೆ ಏನು ಹೇಳಿದನೋ ತಿಳಿಯದು. ಆ ಹುಡುಗನ ಮದುವೆ ಬೇರೆ ಕಡೆ ಆಯಿತು, ಜವಳಿ ನಮ್ಮ ಅಂಗಡಿಯದೇ. ಗಿರಿಜಮ್ಮನಿಗೆ ಮಾತ್ರ ಸ್ವಲ್ಪ ದಿನಕ್ಕೆ ಲಿಂಗಸುಗೂರು ಸಿಕ್ಕಿತು. ಅಂದು ಸಭೆಯಲ್ಲಿದ್ದ ಯಾರ ಮನ ಕರಗಿತ್ತೋ. ಸಿಂಧನೂರ ಕಾಲೇಜಿನಲ್ಲಿ ಎದ್ದು ಮಾತಾಡಿದರೆ ವರ್ಗವಾಗುತ್ತದೆ ಎಂದು ಅವಳು ಸುದ್ದಿ ಹಬ್ಬಿಸಿದ್ದರಿಂದ ಮುಂದಿನ ಶನಿವಾರಗಳಲ್ಲಿ ನಮಗೆ ಕೂರಲು ಜಾಗವಿಲ್ಲ. ಅಪ್ಪ ಬರುತ್ತಲೇ ಇದ್ದ. ಒಮ್ಮೆ ತಾನೇ ಗಜದಿಂದ ಮೀಟರಿಗೆ ಬದಲಾದ ಅಳತೆಯ ಮೇಲೆ ಮಾತಾಡಿದ. ಸಾಕೆಂದು ಪ್ರಿನ್ಸಿಪಾಲರು ಗಂಟೆ ಬಾರಿಸಿದರೆ, ಅದು ತನಗೆ ಸಿಕ್ಕ ಶಹಬಾಸ್ ಎಂದು ತಿಳಿದು ಇನ್ನಷ್ಟು ಮುಂದುವರಿಸಿದ. ನನ್ನ ಮದುವೆಯೂ ಆಯಿತು, ಎರಡು ವರ್ಷದ ನಂತರ, ನಾನು ಹೂಂ ಅಂದ ಮೇಲೆ.

ಇದನ್ನೆಲ್ಲ ಕೇಳಿದ ಶ್ರುತಿ ಕಾಂಪೌಂಡಿನ ಮೇಲೆ ಮೊಣಕೈ ಊರಿದಳು.

"ಅಜ್ಜಿ, ನಿಮ್ಮಪ್ಪ ಆ ಸವಾಲು ನಿಮ್ಮನ್ನ ಸೋಲಸಾಕ ಕೇಳಿದ್ರೋ, ಮನ್ಯಾಗ ಹೇಳಾಕ ಆಗದ್ದನ್ನ ಅಲ್ಲೇ ಹೇಳಲಿ ಅಂತ ಕೇಳಿದ್ರೋ?"

ಇಷ್ಟು ವರ್ಷ ಅಪ್ಪನನ್ನು ತುಂಬಿದ ಸಭೆಯಲ್ಲಿ ವಾದದಲ್ಲಿ ಗೆದ್ದವಳು ನಾನು ಎಂದು ಬೀಗಿಕೊಂಡು ತಿರುಗಿದ್ದೇನೆ. ಮೊಮ್ಮಕ್ಕಳಿಗೂ ಹಾಗೆಯೇ ಹೇಳಿದ್ದೇನೆ. ಈಗ ಕಣ್ಣು ಮುಚ್ಚಿದರೆ ಬೇರೆಯೇ ಕಾಣುತ್ತದೆ: ಸವಾಲು ಕೇಳಿದವನು ಕೂರಲಿಲ್ಲ. ಹಿಂದಿದ್ದವರು ಕಾಣುವುದಿಲ್ಲ ಕೂತುಕೋ ಎಂದು ಅಂಗಿ ಜಗ್ಗುತ್ತಿದ್ದರೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ, ನಾನು ಉತ್ತರ ಕೊಡುವವರೆಗೆ. ಹಾಗಿದ್ದರೆ ಅವತ್ತು ಗೆದ್ದವನು ಅಪ್ಪನೇ ಇರಬೇಕು. ಮೊನ್ನೆಯಿಂದ ಅಡಿಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೇನೆ. ಸೋತದ್ದು ಇಷ್ಟು ತಡವಾಗಿ ತಿಳಿದರೂ ಇಷ್ಟೊಂದು ಖುಷಿಯಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.