ಕೆಂಪು ಬಟ್ಟೆಯಲ್ಲಿ ಕಟ್ಟಿದ ಸರ್ವರ್

ತನ್ವಿ, ಸೋಹಮ್, ನಿನ್ನೆ ನಿಮ್ಮ ತಾಯಿ ಅಟ್ಟ ಗುಡಿಸುವಾಗ ಒಂದು ಕೆಂಪು ಬಟ್ಟೆ ಕೆಳಗೆ ಬಿತ್ತು. ಕೊಡವಿದರೆ ಕುಂಕುಮ ಉದುರಿತು, ಊದಿನಕಡ್ಡಿಯ ಹಳೆಯ ವಾಸನೆ ಬಂತು. ನಾನು ಎದ್ದು ಬಂದು ಅದನ್ನು ಎದೆಗವಚಿಕೊಂಡೆ. ಏಕೆಂದು ನೀವು ಕೇಳಿದಿರಿ. ನಾಲ್ಕು ಮಂದಿಯ ಮುಂದೆ ಬಾಯಿ ಬಿಡಲು ನನಗೆ ಮೊದಲಿನಿಂದಲೂ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜನಿಗೆ ಮರೆವು ಬಹಳ. ಒಮ್ಮೆ ಮದುವೆಮನೆಯಲ್ಲಿ ಸ್ವಂತ ಬೀಗರಿಗೇ ಕೈಮುಗಿದು, "ಯಾವೂರ್ರಿ ನಿಮ್ದು?" ಎಂದವರು. ಸೊಲ್ಲಾಪುರದ ನಮ್ಮ ಚಾದರದ ಅಂಗಡಿಗೆ ಅಕ್ಕಲಕೋಟೆ ಕಡೆಯ ಕುರುಬರು, ರೈತರು ಬರುತ್ತಾರಲ್ಲ, ಅವರ ಮುಂದೆ ಹೀಗಾಗಬಾರದೆಂದು ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೂ ಒಂದು ಸಾಲು ಬರೆದಿಡುತ್ತಿದ್ದರು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಸಾಲು ಮಾತ್ರ ಕನ್ನಡದಲ್ಲಿ. 'ಹೆಂಡತಿಗೆ ಮೊಣಕಾಲ ನೋವು, ಕೇಳು.' 'ಅಣ್ಣತಮ್ಮರು ಬ್ಯಾರೆ ಆಗ್ಯಾರ, ಅಣ್ಣನ ಸುದ್ದಿ ತೆಗೀಬ್ಯಾಡ.' ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಅದನ್ನು ಓದಿಕೊಂಡು, ಒಡಹುಟ್ಟಿದವರಂತೆ ಮಾತಿಗೆ ಕೂರುತ್ತಿದ್ದರು.

ಅವರು ತೀರಿಹೋದ ಮೇಲೆ ಆ ಸಾಲು ಓದುವವರು ಅಂಗಡಿಯಲ್ಲಿ ಯಾರೂ ಉಳಿಯಲಿಲ್ಲ. ನಿಮ್ಮ ಅಪ್ಪ ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನು ಹನ್ನೂರಿನ ಕನ್ನಡ ಶಾಲೆಯವಳು. ಅಲ್ಲಿ ಪಾಠ ಓದು ಎಂದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. "ಗ್ವಾಡಿಗಿ ಓದಿ ಹೇಳಾಕತ್ತೀಯೇನ? ನಮಗೂ ಒಂದೀಟು ಕೇಳಸ್ಲಿ" ಎನ್ನುತ್ತಿದ್ದರು ಮಾಸ್ತರರು. ಅಂಥವಳು ಹಳ್ಳಿಯವರು ಹೆಚ್ಚು ಬರುವ ಸೋಮವಾರಗಳಂದು ಅಂಗಡಿಗೆ ಹೋಗಿ, ನಿಮ್ಮ ಅಪ್ಪನ ಬೆನ್ನಿಗೆ ಕುಳಿತು, ಆ ಸಾಲುಗಳನ್ನು ಪಿಸುಗುಟ್ಟತೊಡಗಿದೆ. ಓದುತ್ತಿದ್ದಷ್ಟು ಹೊತ್ತು ನಿಮ್ಮ ಅಜ್ಜ ಪಕ್ಕದಲ್ಲೇ ಮಾತಾಡಿದಂತಿರುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ದೀಪಾವಳಿಗೆ ಸರ್ವರ್ ಬದಲಾಯಿತು. ಸರ್ವರ್ ಎಂದರೆ ಅಂಗಡಿಯ ಎಲ್ಲ ಕಂಪ್ಯೂಟರುಗಳಿಗೂ ತಾಯಿಯಂಥ ಪೆಟ್ಟಿಗೆ. ಹಳೆಯ ಸಾಫ್ಟ್‌ವೇರು ಇನ್ನು ನಡೆಯದು ಎಂದು ಒಳಗಿದ್ದುದನ್ನೆಲ್ಲ ಹೊಸ ಪೆಟ್ಟಿಗೆಗೆ ಸಾಗಿಸಿದರು. ಪಾಡ್ಯಕ್ಕೆ ಹೊಸ ಲೆಕ್ಕದ ವಹಿ ಪೂಜಿಸಿ ಹಳೆಯದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಡುವುದು ನಮ್ಮ ಮನೆತನದ ಪದ್ಧತಿ. ಕಟ್ಟಿದ್ದನ್ನು ಬಿಚ್ಚಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಿದ್ದರು ನಮ್ಮ ಅತ್ತೆ; ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಈಗ ವಹಿ ಎಲ್ಲಿದೆ? ಹಳೆಯ ಸರ್ವರಿಗೇ ಕುಂಕುಮ ಹಚ್ಚಿ, ಆರತಿ ಮಾಡಿ, ಕೆಂಪು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದೆವು.

ಮುಂದಿನ ಸೋಮವಾರ ವಾಗದರಿಯ ಹಳೆಯ ಗಿರಾಕಿ ಮಾಳಪ್ಪ ಬಂದ. ನಾನು ಪರದೆ ನೋಡಿದೆ. ಹೆಸರಿತ್ತು, ಊರಿತ್ತು. ಕೆಳಗಿನ ಸಾಲಿನಲ್ಲಿ ಬರೀ ಪ್ರಶ್ನೆಯ ಚಿಹ್ನೆಗಳು, ಒಂದರ ಪಕ್ಕ ಒಂದು, ಕುಡುಗೋಲು ಸಾಲಾಗಿ ತೂಗುಹಾಕಿದಂತೆ. ಇನ್ನೊಬ್ಬರ ಹೆಸರು ತೆಗೆಸಿದೆ. ಅಲ್ಲೂ ಅದೇ. ಮತ್ತೊಬ್ಬರದು, ಮಗದೊಬ್ಬರದು, ಎಲ್ಲ ಅದೇ. ಒಬ್ಬ ಮನುಷ್ಯ ಎರಡು ಸಲ ಸಾಯುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ.

"ಯವ್ವಾ, ಏನ್ ಬರದದ?" ಎಂದ ನಿಮ್ಮ ಅಪ್ಪ. ಏನೂ ಇಲ್ಲವೆಂದು ಕೈಯಾಡಿಸಿದೆ. ಅವನೇ ಮಾಳಪ್ಪನಿಗೆ ಮಳೆಯ ಬಗ್ಗೆ ಕೇಳಿದ, ಕುರಿಯ ಬಗ್ಗೆ ಕೇಳಿದ. ಮಾಳಪ್ಪ ಸುಮ್ಮನೆ ಕೂತಿದ್ದ. ಕಡೆಗೆ, "ಸಾವಕಾರ್ರು ಇದ್ದಾಗ ನಾ ಕುಂಡ್ರೂಕಿಂತ ಮೊದ್ಲ ಮಾತಾಡಸ್ತಿದ್ರು. ಈಗ ಹೊಸಾ ಮಶೀನು ಬಂದದ, ಮಾತು ತುಟ್ಟಿ ಆಗ್ಯಾವೇನ್ರಿ?" ಎಂದ.

ಹಳೆಯ ಪೆಟ್ಟಿಗೆಯನ್ನು ಒಯ್ಯಲು, ಹೊಸದನ್ನು ಕೂಡಿಸಿದ ಕಂಪ್ಯೂಟರಿನವನೂ ಅವತ್ತೇ ಬಂದಿದ್ದ. ಅದನ್ನು ಗಂಟಿನ ಸಮೇತ ಗೋದಾಮಿನಲ್ಲಿ ಇಡುವುದೆಂದು ಮೊದಲೇ ಮಾತಾಗಿತ್ತು. ಪರದೆ ತೋರಿಸಿದೆ. ಅವನು ಬಗ್ಗಿ ಎರಡೆರಡು ಸಲ ನೋಡಿದ. "ಕಾಕೂ, ಹೆಸರು, ಲೆಕ್ಕ ಎಲ್ಲಾ ತಪಾಸ್ ಮಾಡೀವ್ರಿ. ಈ ಕನ್ನಡ ಸಾಲು ಹೊಸಾ ಮಶೀನಿಗಿ ತಿಳಿದಿಲ್ಲ. ಇವನ್ನ ಯಾರೂ ಓದಂಗಿಲ್ಲ ಅಂತ ನೋಡ್ಲಿಲ್ರಿ. ಈಗ ಹಳೇದ್ರಾಗಷ್ಟ ಇರತಾವ."

ಯಾರೂ ಓದಂಗಿಲ್ಲ. ಓದುವವಳು ನಾನು ಅಲ್ಲೇ ಕೂತಿದ್ದೆ.

"ಬಿಚ್ಚ್ರಿ ಅದನ್ನ" ಎಂದೆ.

"ಯವ್ವಾ, ಕಟ್ಟಿದ್ದು ಬಿಚ್ಚಬಾರ್ದು ಅಂತ ನೀನ ಹೇಳತಿದ್ದಿ" ಎಂದ ನಿಮ್ಮ ಅಪ್ಪ.

"ಹೇಳತಿದ್ದೆ. ಈಗ ಬಿಚ್ಚ್ ಅನ್ನಾಕತ್ತೀನಿ."

ನನ್ನ ದನಿ ಬೀದಿಯವರೆಗೆ ಹೋಯಿತಂತೆ. ಚಹಾ ತಂದವನು ಲೋಟ ಹಿಡಿದು ಬಾಗಿಲಲ್ಲೇ ನಿಂತ. ಎಲ್ಲರಿಗಿಂತ ಹೆಚ್ಚು ದಂಗಾದವಳು ನಾನೇ. ಅತ್ತೆ ಕಲಿಸಿಕೊಟ್ಟ ಗಂಟು, ಬಿಗಿಯಾಗಿತ್ತು. ನಾನೇ ಬಿಚ್ಚಿದೆ. ಕಂಪ್ಯೂಟರಿನವನು ತಂತಿ ಜೋಡಿಸಿದ, ಪೆಟ್ಟಿಗೆ ಗುಂಯ್ ಎಂದಿತು. ಮಾಳಪ್ಪನ ಹೆಸರಿನ ಕೆಳಗೆ ನಿಮ್ಮ ಅಜ್ಜ ಇದ್ದರು: 'ಎಡಗಿವಿ ಮಂದ. ಬಲಮಗ್ಗಲ ಕುಂತು ಮಾತಾಡು. ಮೊಮ್ಮಗಳು ಸಾಲಿಗಿ ಹೊಂಟಾಳ, ಕೇಳು.'

ನಿಮ್ಮ ಅಪ್ಪ ಅಷ್ಟು ಹೊತ್ತೂ ಎಡಗಿವಿಗೆ ಮಾತಾಡಿದ್ದ. ನಾನು ಎದ್ದು ಬಲಕ್ಕೆ ಹೋಗಿ ಕುಳಿತು ಮೊಮ್ಮಗಳ ಬಗ್ಗೆ ಕೇಳಿದೆ. ಮಾಳಪ್ಪನ ಮುಖ ಅರಳಿತು. "ಛಲೋ ಓದತಾಳ್ರಿ ಯಕ್ಕಾ. ದನಿ ನಿಮ್ಮಂಗ ಸಣ್ಣದು ಅನ್ನಾಂವ ಇದ್ದೆ, ಈಗ ಅನ್ನಂಗಿಲ್ಲ ಬಿಡ್ರಿ."

ಸಾಲುಗಳನ್ನೆಲ್ಲ ಮತ್ತೆ ಸಾಗಿಸಿದರು. ಈ ಸಲ ಕಂಪ್ಯೂಟರಿನವನು, "ಕಾಕೂ, ನೀವ ಓದ್ರಿ. ನೀವು ಹೌದು ಅಂದಮ್ಯಾಲೆ ಹಳೇದು ಬಂದ್" ಎಂದು ನನ್ನನ್ನೇ ಮುಂದೆ ಕೂರಿಸಿದ. ಗೋಡೆಗಲ್ಲ, ಅಂಗಡಿಗೆಲ್ಲ ಕೇಳುವಂತೆ ಓದಿದೆ. ಲಕ್ಷ್ಮಿ ಹೊರಟುಹೋದಳೋ ಇಲ್ಲವೋ ನಾನರಿಯೆ. ಮಾಳಪ್ಪ ಮಾತ್ರ ಅವತ್ತು ಮೊಮ್ಮಗಳಿಗೆಂದು ಒಂದು ಚಾದರ ಹೆಚ್ಚಿಗೆ ಒಯ್ದ.

ಕನ್ನಡ ಓದುವಾಗ ನೀವಿನ್ನೂ ಮುಗ್ಗರಿಸುತ್ತೀರಿ. ಮುಗ್ಗರಿಸಿದಲ್ಲಿ ಬಂದು ನನ್ನನ್ನು ಕೇಳಿ, ಇರುವ ತನಕ ಹೇಳುತ್ತೇನೆ. ಈ ಹಾಳೆಗಳನ್ನು ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದೇನೆ. ಜೋಪಾನವಾಗಿಡಿ. ಗಂಟು ಮಾತ್ರ ಸಡಿಲವಾಗಿರಲಿ.