ಮಖ್ಲೂಫ್ ಹೇಳಿದ ಸಿನಿಮಾ

ನಮ್ಮೂರಿನ ಚಿತ್ರಮಂದಿರದಲ್ಲಿ ಮಖ್ಲೂಫ್ ಟಿಕೆಟ್ ಕೊಂಡದ್ದನ್ನು ಯಾರೂ ಕಂಡಿಲ್ಲ. ವಾರವೆಲ್ಲ ಮರುಭೂಮಿಯ ರಸ್ತೆಗೆ ಜಲ್ಲಿ ಹಾಸುವ ಕೆಲಸ. ಶನಿವಾರದ ಸಬ್ಬತ್ ವಿಶ್ರಾಂತಿ ಮುಗಿದ ಸಂಜೆ ಬಿಳಿ ಅಂಗಿ ತೊಟ್ಟು, ಹೀಬ್ರೂ ಬಾರದ ಏಳೆಂಟು ಮುದುಕಿಯರನ್ನು ಕರೆದುಕೊಂಡು ಬಾಗಿಲಿಗೆ ಬರುತ್ತಿದ್ದ.

"ಇವರು ಟಿಕೆಟ್ ತಗೋತಾರೆ. ನಾನು ಕತೆ ಹೇಳ್ತೀನಿ. ನಾನಿಲ್ದೆ ಇವರು ಒಳಗೆ ಬರಲ್ಲ, ನೋಡಿ."

"ನಡಿಯೋ ಕಳ್ಳ, ನಡಿ" ಎನ್ನುತ್ತ ಒಳಗೆ ಬಿಡುತ್ತಿದ್ದ ಮಾಲೀಕ ಜೆಲಿಗ್ಮನ್.

ಮಖ್ಲೂಫ್ ಮುದುಕಿಯರ ನಡುವೆ ಕೂತು, ಮೊರಾಕೊದಿಂದ ತಂದ ನಮ್ಮ ಅರಬ್ಬಿಯಲ್ಲಿ ಪಿಸುಗುಡುತ್ತಿದ್ದ.

ಅವನ ತಾಯಿ ಫ್ರೆಹಾ ಮಾತ್ರ ಬರುತ್ತಿರಲಿಲ್ಲ. ಮೊರಾಕೊ ಬಿಟ್ಟು ಈ ಯಹೂದಿ ದೇಶಕ್ಕೆ ಬಂದ ವರ್ಷ, ಮನೆಗಾಗಿ ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಿದಾಗ ಗುಮಾಸ್ತರಿಬ್ಬರು ಅವಳನ್ನು ನೋಡಿ ನಕ್ಕಿದ್ದರು. ಅಂದಿನಿಂದ ನಾಲ್ಕು ಜನ ಸೇರುವ ಕಡೆ ಅವಳು ಕಾಲಿಟ್ಟಿರಲಿಲ್ಲ.

ಆಮೇಲೊಮ್ಮೆ ಹೀಬ್ರೂವಿನದೇ ಒಂದು ನಗೆ ಚಿತ್ರ ಬಂತು. ನಾಯಕ ನಮ್ಮಂತೆ ವಲಸೆ ಬಂದವನೇ, ಊರನ್ನೇ ಯಾಮಾರಿಸುವ ಕಿಲಾಡಿ ಎಂದು ಸುದ್ದಿ. ತಾನಿನ್ನೂ ನೋಡಿರದ ಆ ಚಿತ್ರಕ್ಕೆ ಮಖ್ಲೂಫ್ ತಾಯಿಯನ್ನು ಒಪ್ಪಿಸಿ ಕರೆತಂದ. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ.

ತೆರೆಯ ಮೇಲೆ ದೊಡ್ಡ ಮೀಸೆಯ ಕಿಲಾಡಿ ಮನೆ ಗಿಟ್ಟಿಸಲು ಒಂದು ದಿನ ಕುಂಟನಾದ, ಇನ್ನೊಂದು ದಿನ ಕಿವುಡನಾದ. ಫ್ರೆಹಾ ಸೆರಗಿನಂಥ ತನ್ನ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕೊನೆಗೆ ಕಚೇರಿ ಬಂತು. ಸಹಿ ಹಾಕು ಎಂದಾಗ ಅವನು ಇಡೀ ಅಂಗೈಯನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದ. ಸಭೆ ಬಿದ್ದು ಬಿದ್ದು ನಕ್ಕಿತು.

ಫ್ರೆಹಾಳ ಬೆನ್ನು ನೆಟ್ಟಗಾಯಿತು.

"ಯಾಕೋ ನಗ್ತಾರೆ? ಅವನಿಗೆ ಬರೆಯಕ್ಕೆ ಬರಲ್ಲ ಅಂತಾನಾ?"

ಮಖ್ಲೂಫ್ ಅವಳ ಕಿವಿಯತ್ತ ಬಾಗಿದ. ತಾಯಿ ಆಗಲೇ ಏಳಲು ಕೈಚೀಲ ಎತ್ತಿಕೊಂಡಿದ್ದಳು.

"ಅವನನ್ನ ನೋಡಿ ಅಲ್ಲಮ್ಮ, ಗುಮಾಸ್ತನನ್ನ ನೋಡಿ. 'ನನ್ನ ಕೈ ಹಿಡಿಸೋವಷ್ಟು ದೊಡ್ಡ ಕಾಗದ ನಿಮ್ಮ ಸರ್ಕಾರದ ಹತ್ರ ಇಲ್ವೇನೋ?' ಅಂತ ಇವನು ಕೇಳ್ಬಿಟ್ಟ."

"ಹಾಗಂದ್ನಾ? ಬಾಯೇ ಬಿಡಲಿಲ್ವಲ್ಲೋ!"

"ಮೀಸೆ ದೊಡ್ಡದು. ತುಟಿ ಕಾಣಲ್ಲ."

ಕಿಲಾಡಿ ಏನೂ ಅಂದಿರಲಿಲ್ಲ. ಮಂಕಾಗಿ ನಿಂತು ಕೈಯನ್ನು ಚಡ್ಡಿಗೆ ಒರೆಸಿಕೊಂಡಿದ್ದನಷ್ಟೆ. ಆಮೇಲಿನ ಕತೆಯನ್ನೆಲ್ಲ ಮಖ್ಲೂಫ್ ಬೆವರುತ್ತ ಕಟ್ಟುತ್ತ ಹೋದ. ಜನ ಕಿಲಾಡಿಯನ್ನು ನೋಡಿ ನಕ್ಕಾಗಲೆಲ್ಲ ಅವನಿಗೊಂದು ಜಾಣ ಮಾತು ಕೊಟ್ಟ. ಫ್ರೆಹಾ ಕೈಚೀಲವನ್ನು ಮತ್ತೆ ಕಾಲಬಳಿ ಇಟ್ಟಳು.

ಮರುದಿನ ಅವಳೇ ಪಕ್ಕದ ಮನೆಯ ಇಬ್ಬರನ್ನು ಅದೇ ಚಿತ್ರಕ್ಕೆ ಹೊರಡಿಸಿದಳು. ತೆರೆಯ ಮೇಲೆ ಕಚೇರಿ ಬಂದಾಗ ಮಖ್ಲೂಫ್ ನಿನ್ನೆ ಹೇಳಿದ್ದನ್ನು ಮರೆತು ಬೇರೇನೋ ಶುರುಮಾಡಿದ.

"ಸುಮ್ನಿರೋ, ನಿಂಗೆ ಗೊತ್ತಿಲ್ಲ" ಎಂದು ಫ್ರೆಹಾ ಗೆಳತಿಯರತ್ತ ವಾಲಿದಳು. ದೊಡ್ಡ ಕಾಗದದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಆಮೇಲೆ, "ಆಗ ಗುಮಾಸ್ತ ಎದ್ದು ನಿಂತು, ಕೂತ್ಕೊಳ್ಳಿ ಅಂತ ತನ್ನ ಕುರ್ಚಿನೇ ಕೊಟ್ಟ" ಎಂದಳು.

ಅದು ತೆರೆಯ ಮೇಲೂ ಇರಲಿಲ್ಲ, ಮಖ್ಲೂಫ್ ಕೂಡ ಹೇಳಿರಲಿಲ್ಲ. ಅವನು ತೆರೆ ನೋಡುವುದನ್ನು ಬಿಟ್ಟು ತಾಯಿಯ ಕಡೆಗೆ ಕಿವಿಗೊಟ್ಟ.